ಕೆರೆಯ ಸವತಿಯರಿಗೆ ಹೊಲಿದ ರವಿಕೆಗಳು

ನನ್ನ ಗಂಡನಿಗೆ ನನಗಿಂತ ಮೊದಲೇ ಏಳು ಜನ ಹೆಂಡಿರಿದ್ದರು. ಇದನ್ನು ರಾಯದುರ್ಗದ ನಮ್ಮ ಓಣಿಯಲ್ಲಿ ಹೇಳಿದರೆ ಪೊಲೀಸ್ ಸ್ಟೇಷನ್ನಿಗೆ ಹೋಗು ಅನ್ನುತ್ತಾರೆ. ಮಡಕಶಿರಾ ದಾಟಿ, ಅಮರಾಪುರದ ಆಚೆ ಇರುವ ಅವನ ಊರಲ್ಲಿ ಹೇಳಿದರೆ, ಅದರಲ್ಲೇನಿದೆ, ನಿನ್ನ ಪುಣ್ಯ ಅನ್ನುತ್ತಾರೆ. ಆ ಏಳು ಜನ ಊರ ಕೆರೆಯ ಅಕ್ಕಮ್ಮಗಳು. ದೇವರೂ ಅಲ್ಲ, ದೆವ್ವವೂ ಅಲ್ಲ. ನೀರಿನ ಕೆಳಗೆ ಮನೆ ಮಾಡಿಕೊಂಡಿರುವ ಅಕ್ಕತಂಗಿಯರು. ಅವರನ್ನು ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೂ ಇಲ್ಲ, ಆದರೂ ಅವರು ಚೆಲುವೆಯರು, ಅವರಿಗೆ ವಯಸ್ಸಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅವರಿಗೆ ಯಾರ ಮೇಲಾದರೂ ಮನಸ್ಸಾಯಿತೋ, ಮುಗಿಯಿತು, ಅವನು ಅವರವನು. ನನ್ನ ಗಂಡನ ಮೇಲೆ ಅವರಿಗೆ ಮನಸ್ಸಾದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ.

ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಏಕವಚನ. ‘ಅವರು’ ಎಂದು ಬರೆದರೆ ಕೆರೆಯವರ ಜೊತೆ ಬೆರೆತುಹೋಗುತ್ತಾನೆ, ಅದು ನನಗೆ ಬೇಡ.

ಕಥೆ ಹೀಗೆ. ಕುರಿಯ ಹಿಂದೆ ಹೋದ ಹುಡುಗ ಸಂಜೆಗೆ ಮನೆಗೆ ಬರಲಿಲ್ಲ. ಮಾರನೆಯ ದಿನ ಕೆರೆ ಏರಿಯ ಬಂಡೆಯ ಮೇಲೆ ಕೂತಿದ್ದ. ತಲೆಗೂದಲು ಒದ್ದೆ, ಯಾರೋ ಬೈತಲೆ ತೆಗೆದು ನೀಟಾಗಿ ಬಾಚಿದ್ದರು. ಆ ವರ್ಷ ಕೆರೆಯಲ್ಲಿ ಹನಿ ನೀರಿರಲಿಲ್ಲ. ಆಮೇಲೆ ಅವನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕಮ್ಮಗಳು ಒಪ್ಪಿಕೊಂಡಿದ್ದಾರೆ ಎಂದು ಹಿರಿಯರು ತೀರ್ಮಾನ ಮಾಡಿದರು. ಅವನು ಊರು ಬಿಟ್ಟು ಬಹಳ ದಿನ ಇರುವಂತಿಲ್ಲ. ವರ್ಷಕ್ಕೊಮ್ಮೆ ಕೆರೆಗೆ ಹೊಸ ನೀರು ಬಂದಾಗ, ಬರದಿದ್ದರೆ ಕಾರ್ತಿಕದಲ್ಲಿ, ಏರಿಯ ಕೆಳಗಿನ ಏಳು ಕಲ್ಲಿಗೆ ಅರಿಶಿನ, ಬಳೆ, ಏಳು ರವಿಕೆ ತಂದು ಇಡಬೇಕು. ಅವನಿಗೆ ಇಷ್ಟವೋ ಇಲ್ಲವೋ, ಆ ಪ್ರಶ್ನೆ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಮ್ಮದು ಹೊಲಿಗೆಯ ಮನೆ. ರಾಯದುರ್ಗದಲ್ಲಿ ಬೆಳಗಾದರೆ ಓಣಿ ತುಂಬ ಮಿಷಿನ್ನಿನ ಸದ್ದು. ಜೀನ್ಸ್ ಪ್ಯಾಂಟಿನ ಕಾಲು ಒಂದು ಮನೆಯಲ್ಲಿ, ಜೇಬು ಇನ್ನೊಂದು ಮನೆಯಲ್ಲಿ. ನನ್ನ ಪಾಲಿಗೆ ಬಂದದ್ದು ಕೊನೆಯ ಕೆಲಸ. ಕಾಜಾ, ಗುಂಡಿ, ದಾರ ಕತ್ತರಿಸುವುದು, ಇಸ್ತ್ರಿ. ಅರ್ಧಂಬರ್ಧ ಪೀಸು ನನ್ನ ಕೈ ದಾಟಿ ಹೋದರೆ ಅಪ್ಪ ಅದನ್ನು ಎಲ್ಲರ ಎದುರಿಗೇ ನನ್ನ ಮಡಿಲಿಗೆ ಎಸೆಯುತ್ತಿದ್ದರು. ಪಕ್ಕದ ಯೂನಿಟ್ಟಿಗೆ ಕಟಿಂಗ್ ಕಲಿಯಲು ಬಂದವನು ಇವನು. ಉದ್ದ ಕೈ, ಕಡಿಮೆ ಮಾತು. ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಟ್ಟುಕೊಡುತ್ತಿತ್ತು. ಗುಂಡಿಯ ಪೊಟ್ಟಣ ಮುಗಿದಿದೆ ಎಂಬ ನೆಪದಲ್ಲಿ ನಾನು ಆ ಯೂನಿಟ್ಟಿಗೆ ಹೋಗಿಬಂದದ್ದಕ್ಕೆ ಲೆಕ್ಕವಿಲ್ಲ.

ಮಳೆಗಾಲ ಹತ್ತಿರ ಬಂದ ಹಾಗೆ ಅವನಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಅವನ ತಾಯಿ ಬಸ್ಸಿಳಿದು ಬಂದವಳೇ ಹಣೆ ಮುಟ್ಟಿ ನೋಡಿ, “ಕರೀತಾವ್ರೆ ಕಣಪ್ಪ, ಎದ್ದು ನಡಿ” ಅಂದಳು. ಹೊರಡುವ ಮುಂಚೆ ಅವನು ನಮ್ಮ ಬಾಗಿಲಿಗೆ ಬಂದು ಎಲ್ಲ ಕಥೆ ಹೇಳಿದ. ಹೇಳಿ, “ನನ್ನ ಬಿಡುಸ್ಕಂಡು ಹೋಗು ಅಮ್ಮಿ. ನಾನಾಗೇ ಬರಕ್ಕಾಗಲ್ಲ” ಅಂದ.

ಹೆಣ್ಣಿಗೆ ಇಂಥ ಮಾತು ಹೇಳಬಾರದು. ನಾನು ಅಲ್ಲೇ ಬಿದ್ದುಹೋದೆ. ಸೆರೆಯಲ್ಲಿರುವ ಗಂಡಸನ್ನು ಬಿಡಿಸಿಕೊಂಡು ಬರುವವಳು ನಾನು ಎಂದುಕೊಂಡು, ಅಪ್ಪ ಬೇಡ ಅಂದರೂ ಹಟ ಹಿಡಿದು ಅವನ ಊರಿಗೇ ಸೊಸೆಯಾಗಿ ಹೋದೆ.

ತಾಳಿ ಕಟ್ಟುವುದು ಹತ್ತಿರದ ಹೇಮಾವತಿ ಊರಿನ ಸಿದ್ಧೇಶ್ವರನ ಗುಡಿಯಲ್ಲಿ ಎಂದಿತ್ತು. ಆದರೆ ಬೆಳಿಗ್ಗೆ ಎಲ್ಲರೂ ಮೊದಲು ಕೆರೆಗೆ ಹೋದರು. ನಾನು ಧಾರೆ ಸೀರೆ ಉಟ್ಟು ಏರಿಯ ಮೇಲೆ ನಿಂತಿದ್ದೆ. ನನ್ನ ಕಣ್ಣೆದುರಿಗೇ ಅವನು ಅರಿಶಿನ ಕೊಂಬಿನ ದಾರಗಳನ್ನು ಒಂದೊಂದಾಗಿ ಏಳು ಕಲ್ಲಿಗೂ ಕಟ್ಟಿದ. ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದ. ಆಮೇಲೆ ಟೆಂಪೋ ಹತ್ತಿ ಹೇಮಾವತಿಗೆ ಹೋಗಿ ನನಗೆ ಕಟ್ಟಿದ. ಅಲ್ಲಿ ಗಂಟು ಎಳೆದು ನೋಡಲಿಲ್ಲ, ಪುರೋಹಿತರು ಅವಸರ ಮಾಡುತ್ತಿದ್ದರು. ನಾನು ಎಂಟನೆಯವಳು. ಬಂದವರೆಲ್ಲ ಹೋಳಿಗೆ ಊಟ ಮಾಡಿ ಹೋದರು.

ಮನುಷ್ಯ ಸವತಿಯಾದರೆ ಬೈಯಬಹುದು, ಜಡೆ ಹಿಡಿದು ಎಳೆಯಬಹುದು, ಕೊನೆಗೆ ಅವಳಿಗೂ ಹಲ್ಲು ಬೀಳುತ್ತದೆ ಎಂದು ಕಾಯಬಹುದು. ಕಲ್ಲಿನ ಜೊತೆ ಏನು ಜಗಳ? ಆದರೂ ಆಡಿದೆ. ಬಟ್ಟೆ ಒಗೆಯಲು ಹೋದಾಗ ಯಾರೂ ಇಲ್ಲದ್ದು ನೋಡಿ ಕಲ್ಲುಗಳ ಮುಂದೆ ನಿಂತು, “ನಿಮಗ ಬ್ಯಾರೆ ಗಂಡಸರು ಸಿಗಲಿಲ್ಲೇನ್ರೇ?” ಅಂದೆ. ಅವನು ಊಟಕ್ಕೆ ಕೂತು ಸುಮ್ಮನೆ ಕೆರೆಯ ದಿಕ್ಕಿಗೆ ನೋಡಿದರೆ ಮುದ್ದೆಯ ತಟ್ಟೆಯನ್ನು ಸ್ವಲ್ಪ ಜೋರಾಗೇ ಇಡುತ್ತಿದ್ದೆ. ಒಮ್ಮೆ ಕೇಳಿದೆ, ಆ ರಾತ್ರಿ ಏನಾಯಿತು, ನಿಜ ಹೇಳಿ ಎಂದು. ಅವನಿಗೆ ಹೆಚ್ಚೇನೂ ನೆನಪಿಲ್ಲವಂತೆ. “ನಗ್ತಿದ್ರು ಕಣೆ. ಅದೊಂದು ನೆನಪೈತೆ” ಅಂದ. ಅದನ್ನು ಹೇಳುವಾಗ ಅವನ ಮುಖದಲ್ಲೂ ಒಂದು ನಗು ಬಂದು ಹೋಯಿತು. ಆ ನಗು ನನ್ನ ಜೊತೆ ಇದ್ದಾಗ ನಾನು ಕಂಡದ್ದಲ್ಲ.

ಅವನು ಮನೆಯಲ್ಲೇ ಒಂದು ಮಿಷಿನ್ ಹಾಕಿಕೊಂಡು ಊರವರಿಗೆ ಹೊಲಿಯುತ್ತಿದ್ದ, ಮೈದುನ ಕುರಿ ನೋಡುತ್ತಿದ್ದ. ರಾಯದುರ್ಗದಿಂದ ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ, ನಮ್ಮ ಯೂನಿಟ್ಟಿಗೆ ಕಟಿಂಗ್ ಮಾಸ್ಟರ್ ಬೇಕು, ಅಳಿಯಂದಿರು ಬರುತ್ತಾರಾ ಎಂದು ಕೇಳುತ್ತಿದ್ದರು. ನಾನು ಅವನನ್ನು ಕೇಳುತ್ತಿದ್ದೆ. ಅವನು, “ಬಿಡ್ಬೇಕಲ್ಲ ಅವ್ರು” ಅನ್ನುತ್ತಿದ್ದ. ನನ್ನನ್ನು ಬಿಡಿಸಿಕೊಂಡು ಹೋಗು ಅಂದವನೇ ಹೀಗೆ ಅಂದರೆ ಮೈ ಉರಿಯದೆ ಇರುತ್ತದೆಯೇ?

ಮೂರನೆಯ ವರ್ಷ ಕೆರೆಗೆ ಹೊಸ ನೀರು ಬಂತು. ಅಷ್ಟು ಹೊತ್ತಿಗೆ ಅತ್ತೆಯ ಕಣ್ಣು ಮಂಜಾಗಿತ್ತು. ಅಲ್ಲಿಯವರೆಗೆ ರವಿಕೆಗಳನ್ನು ಅವಳೇ ಸೂಜಿ ದಾರದಲ್ಲಿ ಹೊಲಿದು ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು, ಯಾರಿಗೂ ಬಿಚ್ಚಿ ತೋರಿಸುತ್ತಿರಲಿಲ್ಲ. ಈ ಸಲ, “ನೀನೇ ಹೊಲಿಯವ್ವ, ಕಲ್ತೋಳು” ಎಂದು ಬಟ್ಟೆ ನನ್ನ ಕೈಗೆ ಕೊಟ್ಟಳು.

ಸವತಿಯರಿಗೆ ನಾನೇ ರವಿಕೆ ಹೊಲಿಯಬೇಕು! ಬಟ್ಟೆ ತಂದು ಅವನ ಮುಂದೆ ಎಸೆದೆ. ಅವನು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಟೇಪು ಮುಟ್ಟಲೇ ಇಲ್ಲ.

“ಅಳತಿ ಬ್ಯಾಡೇನ್ರಿ?” ಅಂದೆ.

“ಬ್ಯಾಡ ಕಣೆ. ಗೊತ್ತೈತೆ.”

“ಏಳು ಮಂದೀದೂ ಗೊತ್ತೈತೇನ್ರಿ?”

“ಏಳೂ ಒಂದೇ ಅಳತೆ” ಎಂದು ತಲೆ ಎತ್ತದೆ ಕತ್ತರಿ ಆಡಿಸಿದ.

ನನ್ನ ರವಿಕೆಗೆ ಇದೇ ಮನುಷ್ಯ ಟೇಪು ಹಿಡಿದು, ಬರೆದುಕೊಂಡು, ಮತ್ತೆ ಅಳೆದು ಕತ್ತರಿಸುತ್ತಿದ್ದ. ಆದರೂ ಕಂಕುಳಲ್ಲಿ ಬಿಗಿ.

ಕೆಡಿಸಿ ಹೊಲಿಯಬೇಕು ಎಂದು ಮೊದಲು ಅನ್ನಿಸಿತು. ತೋಳು ತಿರುಗಿಸಿ ಕೂರಿಸಿಬಿಡಲೇ? ಆಮೇಲೆ ನೋಡಿಕೊಂಡು ಅವರು ನಗುತ್ತಾರೆ, ರಾಯದುರ್ಗದವಳಿಗೆ ಹೊಲಿಗೆ ಬರುವುದಿಲ್ಲ ಎಂದು. ನಗುವುದರಲ್ಲಿ ಅವರು ಮೊದಲೇ ಗಟ್ಟಿಗರು. ಹಾಗಾಗಿ ಹಲ್ಲು ಕಚ್ಚಿ ಚೆನ್ನಾಗಿ ಹೊಲಿದೆ. ಲೈನಿಂಗ್ ಕೊಟ್ಟೆ, ಕತ್ತಿಗೆ ಪೈಪಿಂಗ್ ಇಟ್ಟೆ, ಬೆನ್ನಿಗೆ ದಾರ ಹಾಕಿ ತುದಿಗೆ ಕುಚ್ಚು ಕಟ್ಟಿದೆ. ಹುಕ್ಕುಗಳನ್ನು ಒಂದೂ ಬಿಡದೆ ಕೂರಿಸಿ, ಎಳೆ ದಾರ ಕತ್ತರಿಸಿ, ಇಸ್ತ್ರಿ ಮಾಡಿ ಮಡಚಿದೆ. ಹಾಕಿಕೊಳ್ಳುವಾಗ ಅವನ ಎಂಟನೆಯವಳು ಎಂಥವಳು ಎಂದು ಅವರಿಗೆ ಗೊತ್ತಾಗಲಿ ಅಂದುಕೊಂಡೆ. ನನ್ನ ಮದುವೆಯ ರವಿಕೆಗೂ ಅಷ್ಟು ಕೆಲಸ ಆಗಿರಲಿಲ್ಲ.

ಮಧ್ಯಾಹ್ನ ಮೂವರೂ ಕೆರೆಗೆ ಹೋದೆವು. ಅತ್ತೆ ಕಲ್ಲುಗಳ ಮುಂದೆ ಗಂಟು ಬಿಚ್ಚಿ ರವಿಕೆಗಳನ್ನು ಬೆರಳಲ್ಲೇ ತಡವಿ ನೋಡಿದಳು. ಒಂದನ್ನು ಇಟ್ಟು ಇನ್ನೊಂದು ತೆಗೆದಳು. ಕೊನೆಗೆ, “ಯಾವ್ದರಲ್ಲಿ ಬಿಟ್ಟಿದ್ದೀಯವ್ವ?” ಅಂದಳು.

“ಏನು ಬಿಡಬೇಕಿತ್ರಿ ಅತ್ತಿ?”

“ಹುಕ್ಕು. ಒಂದ್ರಲ್ಲಿ ಹುಕ್ಕು ಹಾಕ್ದೆ ಬಿಡ್ಬೇಕು. ಕೆಲ್ಸ ಬಾಕಿ ಇದ್ರೆ ತಾನೆ ಮುಂದ್ಲ ವರ್ಷಕ್ಕೂ ನಮ್ಮುಡುಗ ಅವ್ರೋನು? ಎಲ್ಲಾ ಮುಗ್ಸಿ ಕೊಟ್ರೆ ಹೋಗ್ಬನ್ರಮ್ಮ ಅಂತ ಕಳ್ಸಿಕೊಟ್ಟಂಗೆ.” ಅವಳು ಕೈಯಲ್ಲಿದ್ದ ರವಿಕೆ ಕೆಳಗಿಟ್ಟಳು. “ಇದೂ ಹೇಳ್ಬೇಕಾ ನಿಂಗೆ? ಯಾವ ಮನೇಲಿ ಹೇಳ್ತಾರೆ ಇದ್ನ?”

ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಹುಕ್ಕು ಬಿಟ್ಟರೆ ಮಡಿಲಿಗೆ ಎಸೆಯುತ್ತಾರೆ.

ಇನ್ನೂ ಸಮಯವಿತ್ತು. ನನ್ನ ಗಂಡ ಒಂದು ರವಿಕೆ ಎತ್ತಿಕೊಂಡ. ಅವನ ಹೆಬ್ಬೆರಳು ಕೆಳಗಿನ ಹುಕ್ಕಿನ ಮೇಲೆ ಇತ್ತು. ಒಂದು ಸಲ ಎಳೆದಿದ್ದರೆ ಕಿತ್ತು ಬರುತ್ತಿತ್ತು. ಅವನು ನನ್ನ ಕಡೆ ನೋಡಿದ. ಎಳೆಯಿರಿ ಅಂತ ನಾನು ಹೇಳಲಿಲ್ಲ, ಯಾಕೆ ಹೇಳಲಿ? ಬಿಡಿಸಿಕೊಂಡು ಹೋಗು ಅಂದವನು ಅವನು. ನಾನು ಕಣ್ಣು ಮಿಟುಕಿಸದೆ ಅವನನ್ನೇ ನೋಡಿದೆ. ಅವನು ರವಿಕೆಯನ್ನು ಹಾಗೆಯೇ ಕಲ್ಲಿನ ಮೇಲೆ ಇಟ್ಟ. ಒಂದಾದ ಮೇಲೆ ಒಂದರಂತೆ ಏಳನ್ನೂ ಇಟ್ಟ.

ಗೆದ್ದೆ ಎಂದುಕೊಂಡೆ. ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಅವನು ಅಳಲು ಶುರು ಮಾಡಿದ. ಮೊದಲು ಕೆಮ್ಮಿದ ಹಾಗೆ, ಆಮೇಲೆ ಜೋರಾಗಿ, ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮುಖ ಮುಚ್ಚಿಕೊಳ್ಳದೆ. ಅವನ ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲವಂತೆ, ಅತ್ತೆಯೇ ಆಮೇಲೆ ಹೇಳಿದಳು. ನಾನು ಹೋಗಿ ಹೆಗಲ ಮೇಲೆ ಕೈ ಇಟ್ಟೆ. ಅವನಿಗೆ ನಾನು ಅಲ್ಲಿದ್ದೇನೆ ಎಂಬುದೇ ಗೊತ್ತಾಗಲಿಲ್ಲ. ಆ ಗಳಿಗೆಯಲ್ಲಿ ಪಟ್ಟಷ್ಟು ಹೊಟ್ಟೆಕಿಚ್ಚು ನಾನು ಅದಕ್ಕೆ ಮುಂಚೆ ಯಾವತ್ತೂ ಪಟ್ಟಿರಲಿಲ್ಲ. ಅವರು ಇದ್ದಾಗ ಅವನಲ್ಲಿ ಒಂದು ಪಾಲು ಅವರದಿತ್ತು. ಹೋಗುವಾಗ ಪೂರ್ತಿ ಅವನನ್ನೇ ತೆಗೆದುಕೊಂಡು ಹೋಗುತ್ತಿದ್ದಾರೆ ಅನ್ನಿಸಿತು.

ದೀಪಾವಳಿ ಮುಗಿದ ಮೇಲೆ ರಾಯದುರ್ಗಕ್ಕೆ ಬಂದೆವು. ಅವನಿಗೆ ಜ್ವರ ಬರಲಿಲ್ಲ. ಅತ್ತೆ ಹೆದರಿದ್ದ ಯಾವುದೂ ಆಗಲಿಲ್ಲ, ಕುರಿಗಳು ಚೆನ್ನಾಗಿವೆ, ಮೈದುನನಿಗೆ ಮದುವೆಯಾಗಿದೆ, ಅತ್ತೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಈಗ ನನ್ನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾಳೆ. ನನ್ನ ಗಂಡ ಅಪ್ಪನ ಯೂನಿಟ್ಟಿನ ಕಟಿಂಗ್ ಮಾಸ್ಟರ್. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ, ಕುಡಿಯುವುದಿಲ್ಲ, ಬೈಯುವುದಿಲ್ಲ. ಓಣಿಯ ಹೆಂಗಸರು, “ನಿನ್ನಂಗ ಪಡಕೊಂಡು ಬಂದಿರಬೇಕು ಬಿಡವಾ” ಅನ್ನುತ್ತಾರೆ. ನಾನೂ ಹೌದು ಅನ್ನುತ್ತೇನೆ. ಆದರೆ ನಲ್ಲಿ ನೀರು ಬಿಂದಿಗೆಗೆ ಬೀಳುವ ಸದ್ದಿಗೆ ಅವನು ತಲೆ ಎತ್ತಿದರೂ ಸಾಕು, ನನಗೆ ಒಳಗೊಳಗೇ ಕುದಿಯುತ್ತದೆ.

ಕಳೆದ ಚಳಿಗಾಲದಲ್ಲಿ ಕಣೇಕಲ್ಲಿನಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗನ ನಾಮಕರಣವಿತ್ತು. ಊಟವಾದ ಮೇಲೆ ಅವನು ಕೆರೆ ನೋಡಿ ಬರುತ್ತೇನೆ ಅಂದ. ಒಬ್ಬನನ್ನೇ ಕಳಿಸುತ್ತೇನೆಯೇ? ನಾನೂ ಹಿಂದೆಯೇ ಹೋದೆ. ಕೆರೆ ತುಂಬಿತ್ತು, ಆಚೆ ಭತ್ತದ ಗದ್ದೆ. ಅವನು ಏರಿಯ ಮೇಲೆ ಕೈ ಕಟ್ಟಿ ನಿಂತು ಬಹಳ ಹೊತ್ತು ನೀರನ್ನು ನೋಡಿದ.

ತಡೆಯಲಾಗಲಿಲ್ಲ. “ಇಲ್ಲೂ ಅದಾರೇನ್ರಿ?” ಅಂದೆ.

“ಇಲ್ಲ ಕಣೆ. ಇದು ಬರೀ ನೀರು.”

“ಈಗ ಕರದ್ರ ಹೋಗ್ತೀರೇನ್ರಿ?”

“ಅವ್ರು ಕರಿಯಲ್ಲ.” ನೀರಿನ ಕಡೆ ನೋಡುತ್ತಲೇ ಅಂದ: “ಹೋದೋರು ಹೋದ್ರು. ತಿರುಗಿ ನೋಡೋರಲ್ಲ ಅವ್ರು.”

ಆ ಮಾತಿನಲ್ಲಿ ಒಂದು ಹೆಮ್ಮೆಯಿತ್ತು, ಅದೇ ನನಗೆ ಚುಚ್ಚಿದ್ದು. ಇಷ್ಟು ವರ್ಷ ಬಾಯಲ್ಲೇ ಇದ್ದ ಪ್ರಶ್ನೆ ಹೊರಗೆ ಬಿತ್ತು.

“ಹಂಗಾದ್ರ ನಾ ಹೋದ್ರ? ನನಗೂ ಅವತ್ತಿನಂಗ ಕುಂತು ಅಳ್ತೀರೇನ್ರಿ?”

ಅವನು ನನ್ನ ಕಡೆ ತಿರುಗಿ ನಕ್ಕ. ತಮಾಷೆಗಲ್ಲ, ನಿಜವಾದ ಅಕ್ಕರೆಯಿಂದ. ಗಾಳಿಗೆ ಜಾರಿದ್ದ ನನ್ನ ಸೆರಗನ್ನು ಎಳೆದು ಹೆಗಲ ಮೇಲೆ ಹಾಕಿದ.

“ನೀನೆಲ್ಲೋಗ್ತೀಯ ಕಣೆ?” ಅಂದ.

ನಾನು ಹೋಗಬಹುದಾದ ಊರುಗಳನ್ನು ಮನಸ್ಸಿನಲ್ಲೇ ಹುಡುಕಿದೆ. ಒಂದರ ಹೆಸರೂ ಸಿಗಲಿಲ್ಲ. ಕೆರೆಯವರಿಗೆ ಬಿಟ್ಟುಹೋಗಲು ಬರುತ್ತಿತ್ತು, ಅದಕ್ಕೇ ಅವನು ಅತ್ತ. ಅಷ್ಟರಲ್ಲಿ ಏರಿಯ ಕೆಳಗಿನ ರಸ್ತೆಗೆ ರಾಯದುರ್ಗದ ಬಸ್ ಸ್ಟಾಂಡಿಗೆ ಹೋಗುವ ಶೇರ್ ಆಟೋ ಬಂತು. ಜನ ನುಗ್ಗುತ್ತಿದ್ದರು. ನಾನು ಓಡಿಹೋಗಿ ಮೊದಲು ಹತ್ತಿ, ಪಕ್ಕದಲ್ಲಿ ಕೈ ಊರಿ, ಅವನಿಗೂ ಜಾಗ ಹಿಡಿದೆ.