ಹತ್ತನೆಯವರು ಬಬಲೇಶ್ವರದಲ್ಲಿದ್ದರು

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ನಾವು ಬಂದ ಹೊಸತರಲ್ಲಿ, ಪಕ್ಕದ ಮನೆಯ ಅವ್ವ ಕಾಂಪೌಂಡಿನ ಮೇಲೆ ಮೊಣಕೈ ಊರಿ ನನ್ನನ್ನು ಕರೆದರು. ಮಗನ ಜೊತೆ ಇರಲು ನಿಡೋಣಿಯಿಂದ ಬಂದಿದ್ದ ಅವರಿಗೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಕೂರುವ ಅಭ್ಯಾಸವಿರಲಿಲ್ಲ.

"ನೀವು ಯಾವ ಪೈಕಿ ಅಂತ ತಿಳೀಲಿಲ್ಲ ನೋಡ್ರಿ ಟೀಚರ. ಶುಕ್ರವಾರ ಸಂಜಿಕೆ ದೀಪಾ ಹಚ್ಚತೀರಿ, ಗುಡಿಗಿ ಹೋಗಂಗಿಲ್ಲ. ನಿಮ್ಮ ಮಾವನ್ನೋರು ಟೊಪಗಿ ಹಾಕತಾರ, ಮಸೂತಿಗಿ ಹೋಗಂಗಿಲ್ಲ."

"ನಾವು ಯಹೂದಿಗಳ್ರಿ ಅವ್ವಾ" ಎಂದೆ.

"ಅಂದ್ರ?"

ತಿಕೋಟಾದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಬೀಜಗಣಿತ ಅರ್ಥ ಮಾಡಿಸುವ ನನಗೆ ಈ 'ಅಂದ್ರ' ಯಾವಾಗಲೂ ಕಷ್ಟ. ಕೊನೆಗೆ ನಮ್ಮ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆಯನ್ನೇ ಹೇಳಿದೆ. ಎಷ್ಟೋ ತಲೆಮಾರುಗಳ ಹಿಂದೆ ಕೊಂಕಣದ ಕರಾವಳಿಯಲ್ಲಿ ಹಡಗು ಒಡೆದು ನಮ್ಮ ಹಿರಿಯರು ದಡ ಸೇರಿದರು. ಬದುಕಲು ಗಾಣ ಹಿಡಿದರು. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ, ಅಂದು ದೇವರ ದಿನ. ಅದಕ್ಕೇ ಆ ಊರಿನವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರ ಬಿಡುವು ಮಾಡುವ ಗಾಣಿಗರು, ಎಂದು ಕರೆದರು.

ಅವ್ವನ ಮುಖ ಅರಳಿತು. "ಯವ್ವಾ, ಗಾಣದ ಮಂದಿ ಅನ್ರಿ! ನಾವೂ ಗಾಣಿಗರ. ನಮ್ಮ ಅಜ್ಜಾಂದು ನಿಡೋಣ್ಯಾಗ ಗಾಣ ಇತ್ತು. ಇದನ್ನ ಮೊದಲ ಹೇಳಬಾರದೇನ್ರಿ?"

ಅಲ್ಲಿಂದ ಆಚೆ ಅವರ ಪಾಲಿಗೆ ನಾವು ಶನಿವಾರದ ಗಾಣಿಗರು. ಮಜ್ಜಿಗೆ ಕಾಂಪೌಂಡ್ ದಾಟಿ ಬರತೊಡಗಿತು.

ಎಲ್ಲರೂ ಇಷ್ಟು ಸುಲಭವಾಗಿರಲಿಲ್ಲ. ವಿಜಯಪುರದಲ್ಲಿ ನಮ್ಮದು ಒಂದೇ ಮನೆ. ಸೊಲ್ಲಾಪುರದಲ್ಲಿ, ಬೆಳಗಾವಿಯಲ್ಲಿ ಒಂದೆರಡು ಮನೆಗಳಿವೆ, ಪುಣೆಯಲ್ಲಿ ಇನ್ನಷ್ಟು ಬಂಧುಗಳಿದ್ದಾರೆ. ನಮ್ಮ ಪ್ರಾರ್ಥನಾ ಮಂದಿರ ಇರುವುದೂ ಅಲ್ಲೇ. ದೊಡ್ಡ ಹಬ್ಬಗಳಿಗೆ ರೈಲು ಹತ್ತಿ ಹೋಗುತ್ತೇವೆ. ಉಳಿದ ದಿನಗಳಲ್ಲಿ ನಮ್ಮ ಪಡಸಾಲೆಯೇ ಮಂದಿರ. ಶನಿವಾರದ ದೇವರ ದಿನ ನಮಗೆ ಹಿಂದಿನ ಸಂಜೆಯೇ ಶುರು, ಶುಕ್ರವಾರ ಸೂರ್ಯ ಮುಳುಗುವ ಮೊದಲು ನಾನು ದೀಪ ಹಚ್ಚುತ್ತೇನೆ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ನಮ್ಮ ಮಾವ ಬೆಳ್ಳಿಯ ಲೋಟ ಎತ್ತಿ ಹಿಡಿದು ಹೀಬ್ರೂ ಭಾಷೆಯಲ್ಲಿ ಮಂತ್ರ ಹಾಡುತ್ತಾರೆ. ಲೋಟದಲ್ಲಿರುವುದು ಕಪ್ಪು ಒಣದ್ರಾಕ್ಷಿ ನೆನೆಸಿ, ಕುದಿಸಿ, ಹಿಂಡಿ ತೆಗೆದ ರಸ. ನಮ್ಮವರು ಮದ್ಯದ ಬದಲು ತಲೆತಲಾಂತರದಿಂದ ಇದನ್ನೇ ಬಳಸುತ್ತಾರೆ. ಸುತ್ತೆಲ್ಲ ದ್ರಾಕ್ಷಿ ತೋಟಗಳಿರುವ ಸೀಮೆಯಲ್ಲಿ ಅದಕ್ಕೇನು ಬರ?

ಆದರೆ ನಮ್ಮ ಕಿಟಕಿ ರಸ್ತೆಗೆ ತೆರೆದಿತ್ತು. ಬೆಳ್ಳಿಯ ಲೋಟ, ಕಪ್ಪುಗೆಂಪು ರಸ, ಅರ್ಥವಾಗದ ಹಾಡು. ಜೊತೆಗೆ ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದ ಬೆರಳುದ್ದದ ಡಬ್ಬಿ. ಅದರೊಳಗೆ ದೇವರ ವಚನ ಬರೆದ ಸುರುಳಿ ಇರುತ್ತದೆ, ಬರುವಾಗ ಹೋಗುವಾಗ ಮುಟ್ಟಿ ಬೆರಳಿಗೆ ಮುತ್ತಿಡುತ್ತೇವೆ. ಬಡಾವಣೆಯಲ್ಲಿ ಅದು ಮಾಟದ ಡಬ್ಬಿಯಾಯಿತು. ನಮ್ಮ ಅಂಗಳಕ್ಕೆ ಚೆಂಡು ಬಿದ್ದರೆ ಹುಡುಗರು ಒಳಗೆ ಬರುವುದನ್ನು ಬಿಟ್ಟರು.

ಒಂದು ದಿನ ಬಡಾವಣೆ ಸಮಿತಿಯ ಅಧ್ಯಕ್ಷರು ಬಂದರು. ನಿವೃತ್ತ ಅಧಿಕಾರಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಕೂಡ್ರಿ ಎಂದರೂ ಕೂಡಲಿಲ್ಲ.

"ಹೇಳಾಕ ನನಗೂ ಸಂಕೋಚ ಆಗತೈತ್ರಿ. ಇದು ಮರ್ಯಾದಸ್ಥರ ಏರಿಯಾ. ಪ್ರತಿ ಶುಕ್ರವಾರ ಮನಿ ಮಂದೆಲ್ಲಾ ಕೂತು ಸೆರಿ ಕುಡೀತೀರಿ ಅಂತ ಕಂಪ್ಲೇಂಟ್ ಬಂದಾವು."

ನನ್ನ ಗಂಡ ಎದ್ದು ನಿಂತರು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಅವರು ಸಾಮಾನ್ಯವಾಗಿ ಮೆತ್ತಗೆ ಮಾತಾಡುವವರು, ಅಂದು ಕಿವಿ ಕೆಂಪಾಗಿತ್ತು. ಮಾವ ಕೈ ಸನ್ನೆ ಮಾಡಿ ಅವರನ್ನು ಕೂರಿಸಿ, ಒಳಗಿಂದ ಒಂದು ಲೋಟ ರಸ ತರಿಸಿ ಅಧ್ಯಕ್ಷರ ಮುಂದೆ ಹಿಡಿದರು. "ನೀವ ರುಚಿ ನೋಡಿ ಹೇಳ್ರಲಾ."

"ಬ್ಯಾಡ್ರಿ ಬ್ಯಾಡ್ರಿ, ನನಗ ಬಿಪಿ ಐತಿ!" ಎಂದು ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದು ಹೊರಟೇಬಿಟ್ಟರು.

ಆ ಸಂಜೆ ನಾವು ನಕ್ಕೆವು. ಆದರೂ ಗಂಡ ಕಿಟಕಿಗೆ ದಪ್ಪನೆಯ ಪರದೆ ಹಾಕಿಸೋಣವೆಂದರು. ಮಾವ ಒಪ್ಪಲಿಲ್ಲ. "ಪರದೆ ಹಾಕಿದ್ರ ಮಂದಿ ಅದರ ಹಿಂದ ಇನ್ನೂ ದೊಡ್ಡದೇನೋ ಐತಿ ಅಂತಾರ. ಬಾಗಲಾನ ತಗದ ಬಿಡೋಣು. ಮನಿ ಕಟ್ಟಿಸಿದ ಮ್ಯಾಲೆ ಮಲೀದಾ ಮಾಡೋದು ಹೆಂಗಿದ್ರೂ ಉಳದೈತಿ. ಎಲ್ಲಾರನೂ ಕರಿ."

ಮಲೀದಾ ನಮ್ಮವರ ಹರಕೆಯ ಊಟ. ನೆನೆಸಿದ ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ, ಒಣದ್ರಾಕ್ಷಿ ಕಲಸಿ, ಸುತ್ತ ಹಣ್ಣುಗಳನ್ನಿಟ್ಟು, ಏಲಿಯಾಹು ಪ್ರವಾದಿಯನ್ನು ನೆನೆದು ಹಾಡಿ ಹಂಚುವುದು. ಒಣದ್ರಾಕ್ಷಿಗೆಂದು ಮಾವ ನನ್ನ ಜೊತೆ ತಿಕೋಟಾಕ್ಕೆ ಬಸ್ಸಿನಲ್ಲಿ ಬಂದರು. ನಾವು ವರ್ಷಗಳಿಂದ ಕೊಳ್ಳುವುದು ಒಬ್ಬ ಮುಸ್ಲಿಂ ವ್ಯಾಪಾರಿಯ ಹತ್ತಿರ. ಮಾವನಿಗೂ ಅವರಿಗೂ ಮಳೆ, ತೋಟ, ಮಂಡಿನೋವು ಎಲ್ಲದರ ಮಾತೂ ಆಗಿತ್ತು. ಧರ್ಮದ ಮಾತು ಬಂದಿರಲಿಲ್ಲ. ಟೊಪ್ಪಿಗೆ ಕಂಡು ಅವರು ಏನೋ ಅಂದುಕೊಂಡಿದ್ದರು, ಮಾವ ತಿದ್ದಿರಲಿಲ್ಲ.

ಅಂದು ಮಲೀದಾಕ್ಕೆ ಕರೆಯಬೇಕಿತ್ತಲ್ಲ, ಹೇಳಲೇಬೇಕಾಯಿತು. ಯಹೂದಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಕ್ಕಡಿ ಹಿಡಿದ ಅವರ ಕೈ ನಿಂತಿತು. ಮುಖ ಬಿಗಿಯಿತು. ಒಳಗೆ ಟಿವಿಯಲ್ಲಿ ದೂರದ ಯಹೂದಿಗಳ ದೇಶದ ಯುದ್ಧದ ಸುದ್ದಿ ನಡೆದಿತ್ತು.

"ಸಾಹೇಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊಬೈಲ್ನ್ಯಾಗ, ಟಿವ್ಯಾಗ ದಿನಾ ಏನೇನ ಬರಾಕತ್ತೈತಿ, ಸಣ್ಣ ಸಣ್ಣ ಕೂಸುಗೋಳು ಸಾಯಾಕತ್ತಾವು. ನನ್ನ ಮನಸಿಗಿ ಭಾಳ ತ್ರಾಸ ಆಗತೈತಿ."

"ನನಗೂ ಆಗತೈತಿ" ಎಂದರು ಮಾವ. "ಯಾರ ಕೂಸು ಸತ್ತರೂ ಕೂಸ ಅಲ್ಲೇನಪಾ? ಆದ್ರ ನಾ ಹುಟ್ಟಿದ್ದು ಇಲ್ಲೆ, ಬೆಳದದ್ದು ಇಲ್ಲೆ. ಅಲ್ಲೀದಕ್ಕ ನಾ ಏನು ಜವಾಬು ಹೇಳಲಿ? ನಿನ್ನ ನೋಡಿ ನಾ ಎಂದರ ಬ್ಯಾರೆ ಊರಿನ ಲೆಕ್ಕ ಕೇಳೇನೇನು?"

ವ್ಯಾಪಾರಿ ಒಂದೊಂದೇ ಹಿಡಿ ಒಣದ್ರಾಕ್ಷಿಯನ್ನು ತಕ್ಕಡಿಗೆ ಹಾಕತೊಡಗಿದರು. ನನಗೆ ಎದ್ದು ಹೋಗಿಬಿಡಬೇಕೆನಿಸಿತು. ಮಾವ ಮಾತ್ರ ಕದಲಲಿಲ್ಲ. ತೂಗುತ್ತಲೇ ವ್ಯಾಪಾರಿ ಕೇಳಿದರು:

"ಅದೇನೋ ಊಟದ ಹೆಸರು ಹೇಳಿದ್ರೆಲ್ಲಾ?"

"ಮಲೀದಾ."

"ಅದು ನಮ್ಮದಲ್ಲೇನ್ರಿ! ಉರುಸಿನ್ಯಾಗ ನಮ್ಮ ಮನ್ಯಾಗ ಮಾಡತಾರ, ಚಪಾತಿ ಮುರದು, ಬೆಲ್ಲಾ ತುಪ್ಪಾ ಹಾಕಿ."

"ನೀವು ಚಪಾತೀಲೆ ಮಾಡತೀರಿ, ನಾವು ಅವಲಕ್ಕೀಲೆ. ಬಂದು ನೋಡು, ಯಾರದು ಚಲೋ ಆಗೈತಿ ಹೇಳು."

ಬರುತ್ತೇನೆಂದು ಅವರು ಹೇಳಲಿಲ್ಲ. ಆದರೆ ತೂಕ ಮುಗಿದ ಮೇಲೂ ಇನ್ನೊಂದು ಬೊಗಸೆ ಒಣದ್ರಾಕ್ಷಿ ಚೀಲಕ್ಕೆ ಸುರಿದರು.

ಆ ಭಾನುವಾರ ಬೆಳಿಗ್ಗೆ ಸೊಲ್ಲಾಪುರ, ಪುಣೆಗಳಿಂದ ನಮ್ಮವರು ರೈಲಿನಲ್ಲಿ ಬಂದಿಳಿದರು. ಅಂಗಳಕ್ಕೆ ಶಾಮಿಯಾನ ಹಾಕಿಸಿದ್ದೆವು. ಅಕ್ಕಪಕ್ಕದವರು ಮೊದಲು ಗೇಟಿನ ಹೊರಗೇ ನಿಂತರು. ನಿಡೋಣಿ ಅವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು ಕಾಯಿ ತುರಿಯಲು ಕೂತದ್ದನ್ನು ನೋಡಿ ಒಬ್ಬೊಬ್ಬರಾಗಿ ಬಂದರು. ಅಧ್ಯಕ್ಷರೂ ಬಂದರು. ತನಿಖೆಗೋ ಊಟಕ್ಕೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಒಂದು ಪಿಕಪ್ ಗಾಡಿ ಬಂದು ನಿಂತಿತು. ತಿಕೋಟಾದ ವ್ಯಾಪಾರಿ ಹೆಂಡತಿಯೊಂದಿಗೆ ಇಳಿದರು. ಅವರ ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಅಗಲ ತಟ್ಟೆ, ಪರಾತ.

ಆದರೆ ಪ್ರಾರ್ಥನೆ ಶುರುವಾಗುವಂತಿರಲಿಲ್ಲ. ನಮ್ಮಲ್ಲಿ ಹತ್ತು ಜನ ಗಂಡಸರು ಸೇರಿದರೆ ಮಾತ್ರ ಸಭೆ. ಸೇರಿದ್ದ ನಮ್ಮ ಗಂಡಸರು ಒಂಬತ್ತೇ ಜನ. ಗಣಿತ ಕಲಿಸುವ ನಾನು ಈ ಎಣಿಕೆಯಲ್ಲಿ ಬರುವುದಿಲ್ಲ, ಅದರ ಬಗ್ಗೆ ಮಾವನಿಗೂ ನನಗೂ ಹಳೆಯ ತಕರಾರಿದೆ. ಹತ್ತನೆಯವರು ಬೆಳಗಾವಿಯ ನಮ್ಮ ಕಾಕಾ. ಅವರಿಂದ ಫೋನ್ ಬಂತು: "ಬಸ್ ಕೆಟ್ಟು ಬಬಲೇಶ್ವರದಾಗ ನಿಂತೈತಿ. ಮುಂದಿನ ಬಸ್ಸು ತುಂಬಿ ಬಂದಿತ್ತು, ನಿಲ್ಲಸಲೇ ಇಲ್ಲ."

ವಿಷಯ ತಿಳಿದ ಅಧ್ಯಕ್ಷರು ಅಂಗಿ ಸರಿ ಮಾಡಿಕೊಂಡು ಮುಂದೆ ಬಂದರು. "ಒಂದ ತಲಿ ಕಡಿಮಿ ಬಿದ್ದೈತಿ ಅಂದ್ರ ನಾ ನಿಂದರ್ತೀನಿ ಬಿಡ್ರಿ. ಅದಕ್ಯಾಕ ಇಷ್ಟ ಚಿಂತಿ?"

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಅವರ ಕೈ ಹಿಡಿದು, "ಇಷ್ಟಂದ್ರಲ್ಲ, ಅದ ದೊಡ್ಡದು. ಆದ್ರ ಇದು ನಮ್ಮವರ ಆಗಬೇಕಾಗತೈತಿ. ನೀವು ಹತ್ತನೇದಾವನ್ನ ತಂದುಕೊಟ್ರ ಸಾಕು" ಎಂದರು.

"ಗಾಡಿ ನಂದು ಐತಲ್ಲ" ಎಂದರು ತಿಕೋಟಾದವರು, ಪರಾತವನ್ನು ಹೆಂಡತಿಯ ಕೈಗೆ ಕೊಡುತ್ತಾ. "ನೀವ್ ಹತ್ರಿ ಸಾಹೇಬ್ರ. ನಂಗ ಅವರ ಗುರ್ತಿಲ್ಲ, ನಿಮಗೂ ಇಲ್ಲ. ಇಬ್ಬರೂ ಕೂಡಿ ಹುಡಕೋಣು."

ಹೀಗೆ ಬಡಾವಣೆಯ ಅಧ್ಯಕ್ಷರು ದ್ರಾಕ್ಷಿ ವ್ಯಾಪಾರಿಯ ಪಿಕಪ್ ಗಾಡಿಯಲ್ಲಿ ಕೂತು ಬಬಲೇಶ್ವರಕ್ಕೆ ಹೋದರು. ಅಲ್ಲಿ ನಡೆದದ್ದನ್ನು ಮೂವರೂ ಆಮೇಲೆ ಒಟ್ಟೊಟ್ಟಿಗೆ ಹೇಳಿದರು, ಯಾರದನ್ನು ಕೇಳಬೇಕೋ ತಿಳಿಯದಂತೆ.

ಕಾಕಾನದು ಎದೆಯವರೆಗೆ ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ. ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಹಾಜಿ ಸಾಹೇಬರೆಂದು ತಿಳಿದು ಕುರ್ಚಿ ಕೊಟ್ಟಿದ್ದರು. ಒಬ್ಬ ತಾಯಿ ಅಳು ನಿಲ್ಲಿಸದ ಕೂಸನ್ನು ತಂದು, ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿರೆಂದು ಕೇಳಿದ್ದಳು. ಕಾಕಾ, "ನಾ ಹಜ್ಜಿಗಿ ಹೋದಾವಲ್ಲವಾ, ಯಹೂದಿ ಅದೀನಿ" ಎಂದಿದ್ದರು. ಚಹಾದವನು, "ಏನರ ಇರ್ರಿ, ಮೊದಲ ಚಾ ಕುಡೀರಿ, ಆಮ್ಯಾಲೆ ಕೂಸಿನ ತಲಿ ಮ್ಯಾಲೆ ಕೈ ಇಡ್ರಿ" ಎಂದಿದ್ದ. ಕಾಕಾ ಹೀಬ್ರೂ ಭಾಷೆಯಲ್ಲಿ ಮಕ್ಕಳ ಆಶೀರ್ವಾದ ಹೇಳಿದರು. ಕೂಸು ಗಡ್ಡ ಹಿಡಿದುಕೊಂಡು ನಕ್ಕಿತು. ನಮ್ಮ ಇಬ್ಬರು ದೂತರು ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನೂ ನಾಲ್ಕಾರು ತಾಯಂದಿರು ಸಾಲಿನಲ್ಲಿದ್ದರು.

"ಕಾಕಾರ್ನ ಏಳಾಕ ಬಿಡವಲ್ರು!" ಎಂದು ಅಧ್ಯಕ್ಷರು ಗಾಡಿಯಿಂದ ಇಳಿಯುತ್ತಲೇ ಕೂಗಿದರು. ಅವರ ಇಸ್ತ್ರಿ ಮುರಿದಿತ್ತು.

ಪ್ರಾರ್ಥನೆ ಆಯಿತು. ನಮ್ಮವರು ಏಲಿಯಾಹು ಪ್ರವಾದಿಯ ಹಾಡು ಎತ್ತಿದಾಗ ಹಿಂದಿನ ಸಾಲಿನಲ್ಲಿ ತಿಕೋಟಾದವರು ಹೆಂಡತಿಗೆ, "ಇಲಿಯಾಸ್ ನಬಿ ಹೆಸರು ಹೇಳಾಕತ್ತಾರ, ಕೇಳು" ಎಂದದ್ದು ನನಗೆ ಕೇಳಿಸಿತು. ನಮ್ಮ ಏಲಿಯಾಹುವೇ ಅವರ ಇಲಿಯಾಸ್. ಮಾವ ದ್ರಾಕ್ಷಿ ರಸ ಹಂಚಿದರು. ಅಧ್ಯಕ್ಷರು ಮೂಸಿ ನೋಡಿ, ನಾಲಿಗೆಯ ತುದಿ ತಾಗಿಸಿ, ಆಮೇಲೆ ಗಟಗಟ ಕುಡಿದರು.

"ಇದು ಬರೇ ದ್ರಾಕ್ಷಿ!"

"ನಮ್ಮ ಅಂಗಡೀವ್ರಿ" ಎಂದು ತಿಕೋಟಾದವರು ಎದೆ ಉಬ್ಬಿಸಿದರು.

ಅಧ್ಯಕ್ಷರು ಖಾಲಿ ಲೋಟ ಮುಂದೆ ಹಿಡಿದರು. ನನ್ನ ಗಂಡ ತುಂಬುತ್ತಾ, "ಬಿಪಿ ಐತಲ್ರಿ ನಿಮಗ?" ಎಂದಾಗ ಮೊದಲು ನಕ್ಕವರು ಅಧ್ಯಕ್ಷರೇ.

ಆಮೇಲೆ ವಾದ ಹತ್ತಿತು. ಒಂದು ಕಡೆ ನಮ್ಮ ಅವಲಕ್ಕಿಯ ಮಲೀದಾ, ಇನ್ನೊಂದು ಕಡೆ ತಿಕೋಟಾದ ಚಪಾತಿಯ ಮಲೀದಾ. ಇವೆರಡನ್ನೂ ರುಚಿ ನೋಡಿದ ನಿಡೋಣಿ ಅವ್ವ ಮನೆಗೆ ಹೋಗಿ ತಮ್ಮ ಮಾದಲಿಯ ಡಬ್ಬಿಯನ್ನೇ ತಂದು, ಗೋದಿ, ಬೆಲ್ಲ, ಪುಟಾಣಿ ಹಾಕಿದ್ದೇ ನಿಜವಾದದ್ದು, ನೀವಿಬ್ಬರೂ ನಮ್ಮಿಂದ ಕಲಿತು ಹೆಸರು ಕೆಡಿಸಿದ್ದೀರಿ ಎಂದು ತೀರ್ಪು ಕೊಟ್ಟರು. ಯಾರೂ ಒಪ್ಪಲಿಲ್ಲ. ಎಲ್ಲರೂ ಮೂರನ್ನೂ ತಿಂದರು.

ಎಲ್ಲವೂ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಎದುರು ಸಾಲಿನ ಒಂದು ಮನೆಯವರು ಇವತ್ತಿಗೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿಕೋಟಾದವರಿಗೂ ಮಾವನಿಗೂ ಸುದ್ದಿ ನೋಡಿದಾಗಲೆಲ್ಲ ಜಗಳವಾಗುತ್ತದೆ. ಒಮ್ಮೆ ಇಬ್ಬರೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಹೆಂಡತಿಯ ಮೊಣಕಾಲಿನ ಎಕ್ಸ್-ರೇಗೆಂದು ತಿಕೋಟಾದವರು ನನ್ನ ಗಂಡನ ಹತ್ತಿರ ಬಂದಾಗ, ಮಾವ ಆಸ್ಪತ್ರೆಗೇ ಹೋಗಿ ಅವರ ಪಕ್ಕ ಕೂತರು. ನನ್ನ ತರಗತಿಯ ಮಕ್ಕಳು ಈಗ ನೀವು ಯಾರೆಂದು ನೇರವಾಗಿ ಕೇಳುತ್ತಾರೆ, ನಾನು ನೇರವಾಗಿ ಹೇಳುತ್ತೇನೆ.

ಕಳೆದ ಸೀಗಿ ಹುಣ್ಣಿಮೆಯ ಹೊತ್ತಿಗೇ ನಮ್ಮ ಗುಡಿಸಲ ಹಬ್ಬ ಬಂತು. ಹಿರಿಯರು ಮರುಭೂಮಿಯಲ್ಲಿ ಗುಡಾರಗಳಲ್ಲಿದ್ದ ನೆನಪಿಗೆ ಬಯಲಲ್ಲಿ ಚಪ್ಪರ ಹಾಕಿ, ಅದರ ಕೆಳಗೆ ಊಟ ಮಾಡುವ ಹಬ್ಬ. ಮೇಲೆ ಹೊದಿಸಲು ಹಸಿರು ಬೇಕೆಂದು ಕೇಳಿದ್ದಕ್ಕೆ ನಿಡೋಣಿ ಅವ್ವ ಹೊಲದಿಂದ ಸೋಗೆಯ ಸಮೇತ ಕಬ್ಬು ತರಿಸಿಕೊಟ್ಟರು. ಮಾಳಿಗೆಯ ಮೇಲೆ ಚಪ್ಪರ ನಿಂತಿತು. ಅವರು ಹೊಲದ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಸಂಜೆ ನಮ್ಮ ಮಾಳಿಗೆಗೇ ಬಂದರು. ಬಡಾವಣೆಯ ಮಕ್ಕಳೆಲ್ಲ ಹಿಂದೆಯೇ ಹತ್ತಿದರು. ಚಂದ್ರ ಮೇಲೇರುವಷ್ಟರಲ್ಲಿ ಚಪ್ಪರದ ಒಂದು ಮೂಲೆ ಬೋಳಾಗಿತ್ತು.

"ದೇವರ ಚಪ್ಪರಾನ ತಿಂದು ಮುಗಸ್ತೀರೇನ್ಲೇ?" ಎಂದು ಅವ್ವ ಗದರಿದರು.

ಮಾವ ಕೈ ಚಾಚಿ ಇನ್ನೊಂದು ಕಬ್ಬಿನ ಗಳ ಎಳೆದು, ಮುರಿದು, ಎಲ್ಲರಿಗಿಂತ ಚಿಕ್ಕವಳ ಕೈಗೆ ಕೊಟ್ಟರು. "ತಿನ್ಲಿ ಬಿಡ್ರಿ ಅವ್ವಾರ. ಚಂದ್ರಮ ಇನ್ನೂ ಚಂದ ಕಾಣತಾನ."