ಸಾಕಿಲ್ಲ, ಸಾಕಾಗಿದೆ

ನಮ್ಮ ಭಾವನ ಕಾಲಲ್ಲಿ ಚಕ್ರವಿತ್ತು. ಲಿಫ್ಟ್ ರಿಪೇರಿ ಅವರ ಕೆಲಸ. ಊರಿಗೆಲ್ಲ ಲಿಫ್ಟ್ ಸರಿಮಾಡಿ ತಾನು ಮಾತ್ರ ಮೆಟ್ಟಿಲು ಹತ್ತಿಯೇ ಸವೆದೆ ಎಂದು ನಗುತ್ತಿದ್ದರು. ಉಂಡ ಕೈ ಒಣಗುವ ಮುಂಚೆ ಚಪ್ಪಲಿ ಮೆಟ್ಟಿ ಹೊರಟಿರುತ್ತಿದ್ದರು. ಕಟ್ಟಡಗಳ ನೆತ್ತಿಯ ಮೋಟಾರ್ ಕೋಣೆಯಲ್ಲಿ ಪಾರಿವಾಳದ ಹಿಕ್ಕೆ ಗುಡಿಸಿ, ಆ ಧೂಳಲ್ಲೇ ಕೂತು ನಟ್ಟು ಬೋಲ್ಟು ಬಿಗಿಯುತ್ತಿದ್ದರು. ಅದನ್ನು ನಾವ್ಯಾರೂ ಒಂದು ವಿಷಯವೆಂದು ಎಣಿಸಿರಲಿಲ್ಲ.

ಮೊದಲು ಕೆಮ್ಮು. ಎರಡು ತಿಂಗಳು ಸಿರಪ್ಪು ಕುಡಿದದ್ದೇ ಬಂತು. ಆಮೇಲೆ ತಲೆನೋವು. ಕನ್ನಡಕ ಬದಲಾಯಿಸಿದರೂ ಒಂದು ಸ್ಕ್ರೂ ಎರಡಾಗಿ ಕಾಣತೊಡಗಿತು. ಆದರೂ ಕೆಲಸಕ್ಕೆ ಹೋದರು. ಮೆಟ್ಟಿಲ ಮೇಲೆ ವಾಂತಿಮಾಡಿಕೊಂಡು ಕುಸಿದ ಮೇಲೆಯೇ ಆಸ್ಪತ್ರೆ ಕಂಡದ್ದು. ಆ ಹಟಕ್ಕೆ ನನಗೆ ಈಗಲೂ ಕೋಪವಿದೆ.

ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಶ್ವಾಸಕೋಶದಲ್ಲೊಂದು ಕಲೆ ಇದೆ ಎಂದರು.

"ಮನೇಲಿ ಪಾರಿವಾಳ ಸಾಕಿದ್ದೀರಾ?"

"ಸಾಕಿಲ್ಲ," ಎಂದರು ಭಾವ.

ಡಾಕ್ಟರಮ್ಮ ಹಾಗೇ ಬರೆದುಕೊಂಡರು. ಭಾವ ಸುಳ್ಳು ಹೇಳುವವರಲ್ಲ. ಕೇಳಿದ್ದಕ್ಕಷ್ಟೇ ಅಳೆದು ಉತ್ತರ ಕೊಡುವವರು, ಅದೇ ತೊಂದರೆ.

ಎರಡು ದಿನ ಯಾವ ಔಷಧಿಯೂ ನಾಟಲಿಲ್ಲ. ಭಾವನ ಮಾತು ತೊದಲಿತು. ನನ್ನನ್ನು ಯಾರೋ ಅಂದುಕೊಂಡು ಸ್ಪ್ಯಾನರ್ ಕೊಡು ಎಂದರು. ಅಕ್ಕನೂ ನಾನೂ ನಿಂತಲ್ಲಿ ನಿಲ್ಲಲಾರದೆ ವರಾಂಡದುದ್ದಕ್ಕೂ ಓಡಾಡಿದೆವು. ಉಳಿಯುತ್ತಾರಾ ಎಂದು ಒಬ್ಬರನ್ನೊಬ್ಬರು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮೂರನೇ ಬೆಳಗ್ಗೆ ಅಕ್ಕ ಭಾವನ ಕೆಲಸದ ಅಂಗಿಯನ್ನು ಚೀಲಕ್ಕೆ ತುರುಕುತ್ತಾ ಗೊಣಗಿದಳು. "ಈ ಪಾರಿವಾಳದ ಹಿಕ್ಕೆ ಒಗೆದು ಒಗೆದು ಸಾಕಾಗಿದೆ."

ಒಳಗೆ ಬರುತ್ತಿದ್ದ ಡಾಕ್ಟರಮ್ಮ ನಿಂತರು. "ಪಾರಿವಾಳ ಸಾಕಿಲ್ಲ ಅಂದ್ರಲ್ಲ?"

"ಸಾಕಿಲ್ಲ ಮೇಡಂ, ಸಾಕಾಗಿದೆ. ದಿನಾ ಅದರ ಧೂಳಲ್ಲೇ ಇವರ ಕೆಲಸ."

ಅಂದೇ ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷಿಸಿದರು. ಶಿಲೀಂಧ್ರ. ಹಿಕ್ಕೆಯ ಧೂಳಿನ ಜೊತೆ ಎದೆಗಿಳಿದು, ಅಲ್ಲಿಂದ ಮಿದುಳಿನ ಪೊರೆಗೆ ಹತ್ತಿತ್ತು. ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತಂತೆ. ತಲೆಯ ಒತ್ತಡ ಇಳಿಸಲು ದಿನವೂ ನೀರು ತೆಗೆದರು, ಔಷಧಿಯ ಬಾಟಲಿ ಏರಿಸಿದರು. ಆ ಔಷಧಿಗೆ ಭಾವ ಮಂಚ ಅಲುಗುವಷ್ಟು ನಡುಗುತ್ತಿದ್ದರು.

ಔಷಧಿ ಶುರುವಾದ ಐದನೇ ದಿನ ಮಧ್ಯಾಹ್ನ ನಿದ್ದೆಹೋದರು. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ಹಗಲು ನಿದ್ದೆಮಾಡಿದ್ದನ್ನು ಕಾಣದ ಅಕ್ಕ, ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ನಂಬಿಕೆ ಬಾರದೆ ಅಲುಗಿಸಿ ಎಬ್ಬಿಸಿದಳು. ಅರ್ಧ ಗಂಟೆಗೆ ಮತ್ತೆ. ಮೂರನೇ ಸಲ ಭಾವ ಕಣ್ಣುಬಿಟ್ಟು ನಮ್ಮಿಬ್ಬರನ್ನೂ ನೋಡಿದರು.

"ನಿಂಗೆ ಬೇರೆ ಕೆಲ್ಸ ಇಲ್ವೇನೇ? ತಂಗೀನ ಕರ್ಕೊಂಡು ಹೋಗಿ ಏನಾದ್ರೂ ತಿನ್ನು."

ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು.