ಕಾಟಮ್ಮನ ಪುಸ್ತಕಕ್ಕೆ ನುಗ್ಗಿದ ಕೋಳಿ

ಕಾಟಮ್ಮನಿಗೆ ಎಷ್ಟೇ ಕೋಪ ಬರಲಿ, ಮೊದಲು ಕುಂಚ ತೊಳೆದಿಟ್ಟೇ ಜಗಳಕ್ಕೆ ನಿಲ್ಲುವವಳು. ಬಣ್ಣ ಒಣಗಿದರೆ ಕುಂಚ ಹಾಳು, ಬೈಗುಳ ಎಲ್ಲಿ ಹೋದೀತು? ಆವತ್ತು ಮಾತ್ರ ಕುಂಚ ಹಾಗೇ ಒಣಗಿತು. ಬೆಂಗಳೂರಿನ ಪ್ರಕಾಶಕರಿಂದ ಅವಳ ಹೊಸ ಮಕ್ಕಳ ಪುಸ್ತಕ ಚಳ್ಳಕೆರೆಯ ಮನೆಗೆ ಬಂದಿತ್ತು. ಬಿಚ್ಚಿ ನೋಡಿದರೆ, ಅಪ್ಪನ ಚಿತ್ರವಿದ್ದ ಪುಟದಲ್ಲಿ, ಅವನ ಕಾಲ ಬಳಿಯೇ, ಒಂದು ಕೋಳಿ ಕಾಳು ಹೆಕ್ಕುತ್ತಿತ್ತು.

ಕೋಳಿ! ಅದೂ ಕಿಲಾರಿ ಚಿನ್ನಯ್ಯನ ಕಾಲ ಬುಡದಲ್ಲಿ! ಕೊಂಡ್ಲಹಳ್ಳಿ ಪಕ್ಕದ ಅವರ ಮ್ಯಾಸನಾಯಕರ ಹಟ್ಟಿಯಲ್ಲಿ ಕೋಳಿ ತಿನ್ನುವ ಮಾತಿರಲಿ, ಸಾಕುವುದೂ ಇಲ್ಲ, ಹೊಸಿಲು ದಾಟಲು ಬಿಡುವುದೂ ಇಲ್ಲ. ಚಿನ್ನಯ್ಯನಂತೂ ಕಿಲಾರಿಯಾಗಿ, ನೊಗ ಕಾಣದ ದೇವರ ಎತ್ತುಗಳನ್ನು ಬರಿಗಾಲಲ್ಲಿ ಕಾಯ್ದು, ಅವುಗಳ ಜೊತೆಗೇ ಮಲಗಿ, ಹಾಗೇ ಮುದುಕನಾಗಿ ಸತ್ತವನು. ಒಂದು ಫೋಟೋ ತೆಗೆಸಿಕೊಳ್ಳಲೂ ಒಪ್ಪಿದವನಲ್ಲ. ಅವನ ಮುಖ ಅಂತ ಭೂಮಿಯ ಮೇಲೆ ಉಳಿದದ್ದು ಮಗಳು ನೆನಪಿನಿಂದ ಬರೆದ ಆ ಒಂದು ಪುಟದಲ್ಲಿ.

ಅಪ್ಪನ ಹಿಂದೆ ಸುತ್ತುತ್ತ, ಬಂಡೆಗಳ ಮೇಲೆ ಇದ್ದಿಲಲ್ಲಿ ಗೀಚುತ್ತ ಬೆಳೆದವಳು ಕಾಟಮ್ಮ. ಹತ್ತನೇ ಕ್ಲಾಸಿನ ಮೇಲೆ ಮೊಳಕಾಲ್ಮೂರಿಗೆ ಹೋಗಿ, ರೇಷ್ಮೆ ಸೀರೆಯ ಸೆರಗಿಗೆ ಚೌಕಳಿ ಹಾಳೆಯಲ್ಲಿ ನವಿಲು ಬರೆದುಕೊಟ್ಟಳು. ಒಂದು ಚೌಕ ತಪ್ಪಿದರೂ ನವಿಲಿನ ಕತ್ತು ಮುರಿಯಿತೆಂದು ಮಗ್ಗದ ಮಾಲೀಕ ಬಾಯಿಗೆ ಬಂದಂತೆ ಬೈಯುವನು, ಇವಳೂ ಬಿಡುತ್ತಿರಲಿಲ್ಲ. ಕೊನೆಗೆ ಆ ಕೆಲಸಕ್ಕೆ ಕೈಮುಗಿದು, ತನ್ನದೇ ಕತೆ ತನ್ನದೇ ಚಿತ್ರದ ಪುಸ್ತಕವನ್ನು ಚಳ್ಳಕೆರೆಯಲ್ಲಿ ಅಚ್ಚು ಹಾಕಿಸಿ, ಪರಶುರಾಂಪುರದ ಕಡೆಯ ಶಾಲೆಗಳನ್ನೆಲ್ಲ ಸುತ್ತಿದಳು. ಮೇಷ್ಟ್ರುಗಳು ಹೊರಗೆ ನಿಲ್ಲಿಸಿದರು, ಮಕ್ಕಳು ಸೆರಗು ಹಿಡಿದು ಒಳಗೆ ಎಳೆದುಕೊಂಡರು.

ಆಮೇಲೆ ಹುಡುಕಿಕೊಂಡು ಬಂದವರು ಬೆಂಗಳೂರಿನವರು. ಬಂದವರೇ, ಕಾಟಮ್ಮ ಅನ್ನುವ ಹೆಸರು ಮಕ್ಕಳಿಗೆ ಒರಟಾಯಿತು, ಕಾವ್ಯ ಅಂತಿಟ್ಟುಕೊಳ್ಳಿ ಎಂದರು. "ಬದಲಾಯ್ಸೋ ಚಟ ಇದ್ರೆ ನಿಮ್ಮ ಹೆಸರು ಬದಲಾಯ್ಸ್ಕಳ್ರಿ" ಎಂದು ಅವಳು ಗದರಿದ ಮೇಲೆ ಸುಮ್ಮನಾದರು. ಹೆಸರು ಬಿಟ್ಟವರು ಈಗ ಅಪ್ಪನಿಗೇ ಕೈ ಹಾಕಿದ್ದರು.

ಸಂಪಾದಕಿ ರಶ್ಮಿತಾಳಿಗೆ ಫೋನು ಹೋಯಿತು.

"ಪುಟ ಸ್ವಲ್ಪ ಖಾಲಿ ಕಾಣ್ತಿತ್ತು ಮೇಡಂ. ನಮ್ಮ ಡಿಸೈನರ್ ಒಂದು ಕೋಳಿ ಸೇರಿಸಿದ್ರು. ಮಕ್ಕಳಿಗೆ ಇಷ್ಟ ಆಗುತ್ತೆ."

"ಖಾಲಿ? ನಮ್ಮಪ್ಪ ನಿಂತಿದ್ನಲ್ರೀ ಅದ್ರಾಗೆ! ನಿಮ್ಮ ಕಣ್ಣಿಗೇನು ಬಡಿದಿತ್ತು? ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಸಾರಿ ಮೇಡಂ, ಅಂಗಡಿಗೆಲ್ಲ ಹೋಗಿಬಿಟ್ಟಿದೆ. ಮುಂದಿನ ಮುದ್ರಣದಲ್ಲಿ ತೆಗೀತೀವಿ."

ಮುಂದಿನ ಮುದ್ರಣವಂತೆ! ಅಲ್ಲಿಯವರೆಗೆ ಅವ್ವ ಲಕ್ಷ್ಮಕ್ಕ ಕಾಯಬೇಕೇ? ಹಟ್ಟಿಗೆ ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ, ನಿಮ್ಮಪ್ಪನ ಪುಸ್ತಕ ಯಾವಾಗ ಬರ್ತೈತೆ ಎಂದು. ಆ ಪುಟ ಹರಿದುಹಾಕೋಣವೆಂದರೆ ಅಪ್ಪನ ಮುಖವೇ ಹೋಗುತ್ತದೆ; ಮೂಲ ಚಿತ್ರ ಇನ್ನೂ ಪ್ರಕಾಶಕರ ಬಳಿಯೇ ಇತ್ತು. ಕಾಟಮ್ಮ ಹಲ್ಲು ಕಚ್ಚಿಕೊಂಡು, ಪುಸ್ತಕ ಹಿಡಿದು ಹಟ್ಟಿಯ ಬಸ್ಸು ಹತ್ತಿದಳು.

ಓದು ಬಾರದ ಲಕ್ಷ್ಮಕ್ಕ ಒಂದೊಂದೇ ಚಿತ್ರ ನೋಡುತ್ತ ಬಂದಳು. ಗಂಡನ ಮುಖ ಬಂದಾಗ ಬೆರಳಿನಿಂದ ಮುಟ್ಟಿ, "ಮೀಸೆ ಹಿಂಗೇ ಇತ್ತು ಕಣೆ" ಎಂದಳು. ಬೆರಳು ಕೆಳಗಿಳಿದು ಕೋಳಿಯ ಹತ್ತಿರ ನಿಂತಿತು. ಅವಳು ಎದ್ದು, ಪುಸ್ತಕವನ್ನು ಹೊರಗೆ ಜಗಲಿಯ ಮೇಲಿಟ್ಟು ಬಂದಳು.

"ಅವ್ವಾ, ಅದ್ರಾಗೆ ಅಪ್ಪ ಅವ್ನೆ."

"ಗೊತ್ತು. ಅವ್ನೇ ಇದ್ದಿದ್ರೆ ಅದನ್ನ ಒಳಗೆ ಬಿಡ್ತಿದ್ನಾ?"

ಕಾಟಮ್ಮ ಜಗಲಿಗೆ ಬಂದು ಮತ್ತೆ ಫೋನು ಹಚ್ಚಿದಳು. ಅಂಗಡಿಗಳಿಂದ ಪುಸ್ತಕ ವಾಪಸ್ ತರಿಸಿ, ಇಲ್ಲವೇ ನನ್ನ ಹೆಸರು ಕಿತ್ತುಹಾಕಿ ಎಂದು ಹಟ್ಟಿಗೆಲ್ಲ ಕೇಳುವಂತೆ ಕಿರುಚಿದಳು.

"ಮತ್ತೆ ಯಾರ ಪುಸ್ತಕ ಅಂತ ಹಾಕೋದು ಮೇಡಂ?"

"ಕೋಳಿದು! ಕೋಳಿ ಹೆಸರು ಹಾಕ್ಕಳ್ರಿ!"

ಫೋನು ಕುಕ್ಕಿ ಕೂತವಳಿಗೆ ಹಿಂದಿನಿಂದ ಅವ್ವನ ದನಿ ಕೇಳಿತು. ಲಕ್ಷ್ಮಕ್ಕ ಹೊಸಿಲ ಒಳಬದಿಗೆ ಬಂದು ಕೂತಿದ್ದಳು.

"ಆ ಪುಟ ಇನ್ನೊಂದ್ಸಲ ತೆಗಿ. ಅಲ್ಲೇ ಹಿಡ್ಕ, ಒಳಗೆ ತರಬ್ಯಾಡ."

ಕಾಟಮ್ಮ ಕೋಳಿಯ ಮೇಲೆ ಅಂಗೈ ಒತ್ತಿ ಪುಟವನ್ನು ಎತ್ತಿ ಹಿಡಿದಳು. ಬೆಂಗಳೂರಿನವರನ್ನು ಇನ್ನೂ ಬೈಯುತ್ತಲೇ ಇದ್ದಳು, ಒಂದೊಂದು ಬೈಗುಳಕ್ಕೂ ಪುಟ ಅಲುಗುತ್ತಿತ್ತು.

"ಅಲುಗಾಡಿಸಬ್ಯಾಡ" ಎಂದಳು ಲಕ್ಷ್ಮಕ್ಕ. "ಮೀಸೆ ಕಾಣ್ತಿಲ್ಲ."